ಅರ್ಧಕ್ಕೆ ನಿಂತಿದ್ದ ಇಸ್ಪೀಟಾಟ

ಅಳಿಯಂದಿರಿಗೆ,

ಐ ಬೆಗ್ ಟು ಸ್ಟೇಟ್... ಕಾಲೇಜಿನ ಇಂಗ್ಲಿಷಿನಲ್ಲಿ ಉಳಿದಿರುವುದು ಇಷ್ಟೇ, ಮಿಕ್ಕಿದ್ದನ್ನು ಕನ್ನಡದಲ್ಲೇ ಬೈಯುತ್ತೇನೆ.

"ಮಾವ, ಕಂಪ್ಯೂಟರಿಗೆ ಹೊಸ ಸಿಸ್ಟಮ್ ಹಾಕಿದೀನಿ. ಇದಕ್ಕೆ ಮನಸೋಲದೇ ಇರೋರೇ ಇಲ್ಲ" ಎಂದಿರಿ. ನಾನಿದ್ದೇನೆ. ಮೂಲೆಯಲ್ಲಿದ್ದ ಬಟನ್ ನಡುವಿಗೆ ಬಂದು ಕೂತಿದೆ. ಕೇಳದಿದ್ದರೂ ಹವಾಮಾನ ಹೇಳುತ್ತದೆ. ನಮ್ಮ ಮನೆಗೆ ಕಿಟಕಿ ಇಲ್ಲವೇ? ಕಾಗದವನ್ನೂ ತಾನೇ ಬರೆದುಕೊಡುತ್ತದಂತೆ. ಅದಕ್ಕೇ ಇದನ್ನು ಪೆನ್ನಿನಲ್ಲಿ ಬರೆಯುತ್ತಿದ್ದೇನೆ.

ಆಸ್ಪತ್ರೆಗೆ ಹೊರಟಾಗ ನಿಮ್ಮತ್ತೆ ಈ ಕಂಪ್ಯೂಟರಿನಲ್ಲಿ ಇಸ್ಪೀಟಾಟವನ್ನು ಅರ್ಧಕ್ಕೆ ಬಿಟ್ಟು, "ಮುಟ್ಬೇಡಿ, ಬಂದು ಗೆಲ್ತೀನಿ" ಅಂದಿದ್ದಳು. ಅವಳು ಬರಲಿಲ್ಲ. ನಾನು ಕಂಪ್ಯೂಟರ್ ಆರಿಸಲೇ ಇಲ್ಲ, ಪರದೆಯ ಧೂಳಷ್ಟೇ ಒರೆಸುತ್ತಿದ್ದೆ. ನಾನು ಹಾಲು ತರಲು ಹೋದಾಗ ನೀವು ಅದನ್ನು ಆರಿಸಿ, ಹೊಸದನ್ನು ಹಾಕಿದಿರಿ. ಅವಳ ಆಟ ಹೋಯಿತು.

ಈಗ ದಿನಾ ಬೆಳಿಗ್ಗೆ ಅದು, "ಹೊಸ ಆಟ ಶುರು ಮಾಡೋಣವೇ?" ಎಂದು ಕೇಳುತ್ತದೆ. 'ಬೇಡ' ಎನ್ನಲು ಬಟನ್ನೇ ಇಲ್ಲ. ಇರುವುದು 'ಹೂಂ', ಇಲ್ಲವೇ 'ಆಮೇಲೆ'. ಭಾನುವಾರ ಬಂದು ಆ ಪ್ರಶ್ನೆಯನ್ನು ತೆಗೆದುಹಾಕಿ. ಮಗಳಿಗೆ ಕಾರಣ ಹೇಳಬೇಡಿ. ಹೊಸದೇನನ್ನೂ ತರಬೇಡಿ.

ಅಲ್ಲಿಯವರೆಗೆ ನಾನು 'ಆಮೇಲೆ' ಒತ್ತುತ್ತಿರುತ್ತೇನೆ.

ಸಿಟ್ಟು ಇಳಿಯದ,
ನಿಮ್ಮ ಮಾವ