ಅತ್ತೆ ಹೂಂ ಅಂದದ್ದು

ಫೆಬ್ರವರಿ 3, 1879. ಸೋಮವಾರ

ಪಂಪಿಗೆ ಎಣ್ಣೆ ಬಿಟ್ಟೆ. ಚರ್ಮದ ಹೋಸ್ ಪೈಪುಗಳನ್ನು ಬೇಲಿ ಮೇಲೆ ಒಣಹಾಕಿದೆ. ಮತ್ತೆ ಇಲಿ ಕಡಿದಿದೆ, ಹೊಲಿಸಬೇಕು. ಆಮೇಲೆ ಹೊಟ್ಟೆಪಾಡಿನ ಬಡಗಿ ಕೆಲಸ — ಒಂದು ಬಾಗಿಲು, ಒಂದು ತೊಟ್ಟಿಲು.

ವಾಯವ್ಯದ ಗಾಳಿ ನಿಂತೇ ಇಲ್ಲ. ವೆಲಿಂಗ್ಟನ್ನಿನಲ್ಲಿ ಗಾಳಿಗೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಬೆಂಕಿ ಆರಿಸುವ ಬ್ರಿಗೇಡಿಗೆ ಕ್ಯಾಪ್ಟನ್ ಆದಮೇಲೆ ನನಗೆ ಮಾತ್ರ ನೆಮ್ಮದಿ ಹೋಗಿದೆ. ನಮ್ಮ ಬೀದಿ ಪೂರ್ತಿ ಮರ. ಅಂಗಡಿಗೆ ಅಂಗಡಿ ಅಂಟಿಕೊಂಡಿದೆ. ಬೇಸಿಗೆಯಲ್ಲಿ ಒಣಗಿ ಬೆಂಕಿಪೊಟ್ಟಣ.

ಕೌನ್ಸಿಲಿನ ಮುಂದೆ ನನ್ನ ಎರಡು ನಿಯಮಗಳಿವೆ. ಅಂಗಡಿ ಅಂಗಡಿಗಳ ನಡುವೆ ಸೂರಿಗಿಂತ ಎತ್ತರದ ಇಟ್ಟಿಗೆ ಗೋಡೆ ಏಳಬೇಕು, ಇದೊಂದು. ಬೆಂಕಿಯ ದಾರಿಗೆ ಅಡ್ಡ ಇರುವ ಮನೆಯನ್ನು ಕೆಡವುವ ಅಧಿಕಾರ ಕ್ಯಾಪ್ಟನ್‌ಗೆ ಕೊಡಬೇಕು, ಇದು ಇನ್ನೊಂದು. ಈಗಿನ ಕಾನೂನಿನಲ್ಲಿ ಯಜಮಾನ ಒಪ್ಪದೆ ಒಂದು ಹಲಗೆ ಕಿತ್ತರೂ ನಾನೇ ಕಳ್ಳ. 20ನೇ ತಾರೀಕು ವೋಟು.

ಫೆಬ್ರವರಿ 5

ಅತ್ತೆ ಮನೆಯಲ್ಲಿ ಊಟ. ಮುಂದೆ ನೂಲು-ಗುಂಡಿಯ ಅಂಗಡಿ, ಹಿಂದೆ ಮನೆ. ಇಟ್ಟಿಗೆ ನಿಯಮದ ಸುದ್ದಿ ಅವರ ಕಿವಿಗೂ ಬಿದ್ದಿದೆ. ಬಡಿಸುವಾಗಲೇ ಗೊತ್ತಾಯಿತು, ತಟ್ಟೆ ಕುಕ್ಕಿದರು.

1855ರ ಭೂಕಂಪದಲ್ಲಿ ಮಾವ ಹಾಸಿಗೆಯಲ್ಲೇ ಹೋದರು. ಇಟ್ಟಿಗೆಯ ಹೊಗೆಗೂಡು ಮುರಿದು ಮೈಮೇಲೆ ಬಿತ್ತು. ಮರದ ಮನೆ ಮಾತ್ರ ದೋಣಿಯ ಹಾಗೆ ಓಲಾಡಿ ನಿಂತುಕೊಂಡಿತು. ಅವತ್ತಿನಿಂದ ಆ ಹೊಸಿಲು ದಾಟಿ ಒಂದು ಇಟ್ಟಿಗೆ ಒಳಗೆ ಬಂದಿಲ್ಲ.

"ಒಬ್ರನ್ನ ತಿಂದಾಯ್ತು ಸೈಲಸ್. ಈಗ ನನ್ನ ಹಾಸಿಗೆ ಪಕ್ಕ ಅದನ್ನ ತಂದು ನಿಲ್ಲಿಸ್ತೀಯಾ?"

ಏನೋ ಹೇಳಿದೆ. ಅವರು ಕೇಳಿಸಿಕೊಳ್ಳಲಿಲ್ಲ. ವಾಪಸು ಬರುವ ದಾರಿಯಲ್ಲಿ ಹೆಂಡತಿ ಥರ್ಜಾ ಕೇಳಿದಳು, ಅಮ್ಮ ಹೇಳೋದು ತಪ್ಪಾ ಅಂತ.

ಫೆಬ್ರವರಿ 8

ಬ್ಲಾಕ್ಸಮ್ ಬಂದಿದ್ದ. ಮರದ ವ್ಯಾಪಾರಿ, ಮೇಲಾಗಿ ಕೌನ್ಸಿಲರ್. ನನ್ನ ಬೆಂಚಿನ ಮೇಲೆ ಕೂತು ಕಾಲು ಆಡಿಸಿದ.

"ಮರ ಕೊಯ್ದು ರೊಟ್ಟಿ ತಿನ್ನೋನು ಇಟ್ಟಿಗೆ ಭಜನೆ ಮಾಡ್ತೀಯಲ್ಲ ಮಾರಾಯ. ನಿಮ್ಮತ್ತೇನೇ ಒಪ್ಪಿಲ್ಲವಂತೆ. ಮೊದಲು ಮನೆ ಗೆಲ್ಲು."

ವೋಟಿನ ದಿನ ಅತ್ತೆ ಸಭೆಗೆ ಬಂದು ನನಗೆ ಎದುರಾಗಿ ಮಾತಾಡುತ್ತಾರಂತೆ. ಇವನೇ ಕೇಳಿಕೊಂಡನಂತೆ, ಅವರು ಒಪ್ಪಿದರಂತೆ.

ಅವನು ಹೋದಮೇಲೆ ಕೊಯ್ದದ್ದೆಲ್ಲ ಸೊಟ್ಟ.

ಫೆಬ್ರವರಿ 16. ಭಾನುವಾರ

ಕೈಗೆ ಬಟ್ಟೆ ಸುತ್ತಿದೆ. ಅಕ್ಷರ ನೆಟ್ಟಗಿಲ್ಲ. ಆದರೂ ಬರೆದಿಡಬೇಕು.

ನಿನ್ನೆ ಮಧ್ಯಾಹ್ನ, ಸಂತೆ ಹೊತ್ತು. ಬೀದಿಯ ಉತ್ತರ ತುದಿಯಲ್ಲಿ ಕುರ್ಚಿ-ಮೇಜು ಮಾಡುವವನ ಅಂಗಡಿ. ಒಲೆ ಮೇಲಿದ್ದ ವಾರ್ನಿಷ್ ಉಕ್ಕಿ ಹೊತ್ತಿಕೊಂಡಿತು. ಪಂಪು ಎಳೆದು ತರುವಷ್ಟರಲ್ಲಿ ಪಕ್ಕದ ಅಂಗಡಿ, ಅದರ ಪಕ್ಕದ್ದು… ನಲ್ಲಿ ತಿರುಗಿಸಿದರೆ ನೀರು ನೂಲಿನಷ್ಟು. ಗಾಳಿ ಕಿಡಿಗಳನ್ನು ಹೊತ್ತು ದಕ್ಷಿಣಕ್ಕೆ ಓಡುತ್ತಿತ್ತು.

ಸಾಲಿನ ಕೊನೆಯದು ಅತ್ತೆಯ ಮನೆ. ಅದರಾಚೆ ಒಂದು ಓಣಿ. ಓಣಿಯಾಚೆ ಬಾಡಿಗೆ ಮನೆಗಳು, ಪ್ರಾರ್ಥನೆಯ ಚಾಪೆಲ್, ಅರ್ಧ ಊರು. ಓಣಿ ಕಿರಿದು, ಬೆಂಕಿ ಹಾರಿಬಿಡುತ್ತದೆ. ಅತ್ತೆಯ ಮನೆ ಇಲ್ಲದಿದ್ದರೆ ಹಾರದು.

ಒಳಗೆ ಹೋದೆ. ಗಲ್ಲಾಪೆಟ್ಟಿಗೆಯ ಹಿಂದೆ ಕುರ್ಚಿಯಲ್ಲಿ ಕೂತಿದ್ದರು, ಗಿರಾಕಿಗೆ ಕಾಯುವವರ ಹಾಗೆ.

"ಅತ್ತೆ, ಕೆಡವಬೇಕು. ಅಪ್ಪಣೆ ಕೊಡಿ."

"ಇಲ್ಲ."

"ಅತ್ತೆ—"

"ಭೂಮಿ ಅಲ್ಲಾಡಿದಾಗ್ಲೂ ಈ ಮನೆ ಬೀಳಲಿಲ್ಲ ಸೈಲಸ್. ನೀನು ಬೀಳಿಸ್ತೀಯಾ?"

ಗೋಡೆಯಾಚೆ ಬಣ್ಣ ಚಿಟಪಟ ಸಿಡಿಯುತ್ತಿತ್ತು. ನಮ್ಮ ಬ್ರಿಗೇಡಿನ ಮುರ್ಡೊಗೆ ಕಣ್ಸನ್ನೆ ಮಾಡಿದೆ. ಕಮ್ಮಾರ, ಆನೆಯಂಥ ಆಳು. ಅತ್ತೆಯನ್ನು ಕುರ್ಚಿ ಸಮೇತ ಎತ್ತಿಕೊಂಡು ಹೊರಗೆ ಇಳಿಸಿದ. ಅವರು ಕೂಗಲಿಲ್ಲ. ಬೀದಿಯ ನಡುವೆ ಆ ಕುರ್ಚಿಯಲ್ಲೇ ಕೂತು ನೋಡಿದರು.

ಸೂರಿಗೆ ಕೊಕ್ಕೆ ಹಾಕಿ ಹಗ್ಗ ಎಳೆದೆವು. ಬೀಳಲೊಲ್ಲದು. ಓಲಾಡಿತು, ಮತ್ತೆ ನಿಂತಿತು. ಎಂಥ ಕೆಲಸಗಾರರು ಕಟ್ಟಿದ್ದರೋ… ಸಂತೆಗೆ ಬಂದವರೂ ಹಗ್ಗಕ್ಕೆ ಕೈ ಕೊಟ್ಟರು. ಕಡೆಗೆ ಕುಸಿಯಿತು. ಹಲಗೆಗಳನ್ನು ಎಳೆದು ಹಾಕಿದೆವು, ಕೈ ಸುಟ್ಟದ್ದು ಆಗಲೇ. ಬೆಂಕಿ ಖಾಲಿ ಜಾಗದ ತನಕ ಬಂತು, ಭೋರೆಂದಿತು, ಅಲ್ಲೇ ಕೂತಿತು. ಅರ್ಧ ಊರು ಉಳಿಯಿತು.

ಅತ್ತೆ ಈಗ ನಮ್ಮ ಮನೆಯಲ್ಲಿದ್ದಾರೆ. ನನ್ನ ಜೊತೆ ಮಾತಿಲ್ಲ.

ಫೆಬ್ರವರಿ 18. ಮಂಗಳವಾರ

ಕೆಲವರು ಟೋಪಿ ಎತ್ತುತ್ತಾರೆ. ಕೆಲವರು ಅತ್ತೆ ಮನೆ ಮುರಿದವ ಅನ್ನುತ್ತಾರೆ, ಕೇಳಿಸುವಂತೆಯೇ.

ನಾನಿಲ್ಲದಾಗ ಬ್ಲಾಕ್ಸಮ್ ಬಂದು ಅತ್ತೆಯ ಹತ್ತಿರ ಬಾಗಿಲು ಮುಚ್ಚಿಕೊಂಡು ಮಾತಾಡಿದನಂತೆ. ಅಪ್ಪಣೆ ಕೊಟ್ಟಿರಲಿಲ್ಲ ಅಂತ ಅವರು ಒಂದು ಮಾತು ಹೇಳಿದರೆ ಸಾಕು. ಕ್ಯಾಪ್ಟನ್‌ಗಿರಿ ಹೋಗುತ್ತದೆ, ಕೋರ್ಟು ಹತ್ತಬೇಕು. ನಿಯಮಗಳಂತೂ ಸತ್ತ ಹಾಗೆ.

ಥರ್ಜಾ ಅಮ್ಮನ ಕೋಣೆಯಲ್ಲೇ ಮಲಗುತ್ತಾಳೆ. ಅಮ್ಮ ಏನು ಹೇಳಿದರೆಂದು ಅವಳಿಗೂ ಗೊತ್ತಿಲ್ಲ. ಗುರುವಾರಕ್ಕೆ ಕಪ್ಪು ಉಡುಪು ಇಸ್ತ್ರಿ ಮಾಡಿಡು ಅಂದರಂತೆ. ಅಷ್ಟೇ.

ಫೆಬ್ರವರಿ 20

ಸಭೆ ಮುಗಿಯಿತು.

ಹಾಲ್ ತುಂಬಿತ್ತು. ಬ್ಲಾಕ್ಸಮ್ ಎದ್ದು ನಿಂತು, ಕ್ಯಾಪ್ಟನ್ ಅಪ್ಪಣೆ ಕೇಳಿದರಾ ಅಂದ. ಕೇಳಿದೆ ಅಂದೆ.

"ಕೊಟ್ರಾ?"

ಬಾಯಿ ತೆರೆದೆ. ಏನು ಹೇಳುವವನಿದ್ದೆನೋ ದೇವರಾಣೆಗೂ ಗೊತ್ತಿಲ್ಲ.

"ಕೊಟ್ಟೆ." ಹಿಂದಿನ ಸಾಲಿನಿಂದ. ಅತ್ತೆ ಎದ್ದು ನಿಂತಿದ್ದರು. "ಕೇಳ್ದ. ಹೂಂ ಅಂದೆ. ನನ್ನ ಮನೆ, ನನ್ನ ಮಾತು."

ಬ್ಲಾಕ್ಸಮ್ ಮುಖ ಕೆಂಪಾಯಿತು. ಮಂಗಳವಾರ ಹೀಗೆ ಹೇಳಿರಲಿಲ್ಲವಲ್ಲ ಅಂದ.

"ಮಂಗಳವಾರ ಮಾತಾಡಿದ್ದು ನೀವು. ನಾನು ಕೇಳಿಸ್ಕೊಂಡೆ ಅಷ್ಟೆ."

ಜನ ನಕ್ಕರು. ಆಮೇಲೆ, ಕೂರುವ ಮೊದಲು, ಅದೇ ಧ್ವನಿಯಲ್ಲಿ ಅಂದರು: ಇಟ್ಟಿಗೆ ಗೋಡೆಗೆ ಮಾತ್ರ ಇವತ್ತೂ ತನ್ನ ವಿರೋಧವೇ.

ಕೆಡವುವ ಅಧಿಕಾರ ಪಾಸಾಯಿತು. ಗೋಡೆ ನಿಯಮ ಬಿತ್ತು.

ಫೆಬ್ರವರಿ 23. ಭಾನುವಾರ

ಮೂರು ದಿನ ಹಿಂದೆ ಮುಂದೆ ನೋಡಿ ಇವತ್ತು ಕೇಳಿಯೇಬಿಟ್ಟೆ. ಥರ್ಜಾ ಚಾಪೆಲ್‌ಗೆ ಹೋಗಿದ್ದಳು. ಅತ್ತೆ ಹಿಟ್ಟು ನಾದುತ್ತಿದ್ದರು. ನನಗಾಗಿ ಸುಳ್ಳು ಯಾಕೆ ಹೇಳಿದಿರಿ ಅಂದೆ.

"ನಿನಗಾಗಿ ಅಲ್ಲ," ಅಂದರು. ತಲೆ ಎತ್ತಲಿಲ್ಲ. "ಸುಳ್ಳೂ ಅಲ್ಲ. ಮನೆ ಬಿದ್ದ ಮೇಲೆ ಓಣಿ ಆಚೆ ಇರೋರು ಕಾಣಿಸಿದ್ರು. ಹಸುಗೂಸು ಎತ್ಕೊಂಡು ನಿಂತಿದ್ರು. ಆಗ ಹೂಂ ಅಂದೆ. ತಡವಾಯ್ತು, ಅಷ್ಟೆ. ನಿಂಗೆ ಕೇಳಿಸ್ಲಿಲ್ಲ."

ಕ್ಷಮೆ ಕೇಳಿದೆ. ಅವರು ಹಿಟ್ಟು ಮಗುಚಿ ಹಾಕಿದರು.

"ಆ ಗೋಡೆ… ಭೂಮಿ ಅಲ್ಲಾಡಿದ್ರೆ ಯಾವ ಕಡೆ ಬೀಳುತ್ತೆ?"

ಗೊತ್ತಿಲ್ಲ ಅಂದೆ. ನಿಜಕ್ಕೂ ಗೊತ್ತಿಲ್ಲ. ಬೆಂಕಿಯನ್ನಷ್ಟೇ ನೆನೆದು ಬರೆದ ನಿಯಮ ಅದು, ಒಮ್ಮೆಯೂ ಯೋಚಿಸಿರಲಿಲ್ಲ. ಬಯ್ಯುತ್ತಾರೆ ಅಂದುಕೊಂಡೆ. ಕೈ ಒರೆಸಿಕೊಂಡು ಎದುರು ಕೂತರು.

"ಸರಿ, ಬರಿ ನೋಡೋಣ."

ಹಿಟ್ಟು ಉದುರಿದ್ದ ಮೇಜಿನ ಮೇಲೆ ಬೆರಳಿನಿಂದ ಮನೆಯ ಗೆರೆ ಎಳೆದೆ. ಹಾಸಿಗೆ ಇಲ್ಲಿ ಅಂತ ಅವರು ಒಂದು ಚುಕ್ಕಿ ಇಟ್ಟರು. ಹಾಗಾದರೆ ಗೋಡೆ ಇಷ್ಟು ದೂರ, ಬುಡ ಇಷ್ಟು ದಪ್ಪ, ತುದಿ ತೆಳು… ಆಗಲೂ ಒಪ್ಪಲಿಲ್ಲ. ಅಳಿಸಿದರು. ಮತ್ತೆ ಎಳೆದೆ.

ಒಂದು ದಾರಿ ಹೊಳೆದಿದೆ. ಗೋಡೆಯ ಬುಡದಿಂದ ತೊಲೆಗೆ ಕಬ್ಬಿಣದ ಪಟ್ಟಿ ಬಿಗಿದರೆ—

ಅತ್ತೆ ಅಡಿಗೆಮನೆಯಿಂದಲೇ ಕೂಗುತ್ತಿದ್ದಾರೆ. ಇನ್ನೊಂದು ಅನುಮಾನವಂತೆ