ಹೊಸ ಆವೃತ್ತಿಗೆ ನನ್ನ ಸಹಿ

ಭಾವನವರಿಗೆ ನಮಸ್ಕಾರ.

ನಮ್ಮ ಕ್ರಿಪ್ಟೋ ನಾಣ್ಯದ ತಂತ್ರಾಂಶದ ಹೊಸ ಆವೃತ್ತಿಗೆ ಕಣ್ಣು ಮುಚ್ಚಿ ಸಹಿ ಹಾಕು ಎಂದಿರಿ. ಹೋದ ವರ್ಷ ತುಂಬಿದ ಸಭೆಯಲ್ಲಿ, "ಇವನು ಮಾತಿನಮಲ್ಲ, ಕೆಲಸಗಳ್ಳ" ಎಂದು ನನ್ನನ್ನು ಅಲ್ಲಿಂದ ಹೊರಗಟ್ಟಿದವರು ನೀವೇ. ಅದಕ್ಕೇ ಈ ಸಲ ಕೆಲಸವನ್ನು ಪೂರ್ತಿ ಮಾಡಿದ್ದೇನೆ.

ನಿಯಮ ನಿಮಗೆ ಗೊತ್ತು. ಎಲ್ಲರ ಕಣ್ಣೆದುರಿಗಿರುವ ಕೋಡ್‌ನಿಂದ ಯಾರು ಎಲ್ಲಿ ತಂತ್ರಾಂಶವನ್ನು ಬಿಲ್ಡ್ ಮಾಡಿ ತಯಾರಿಸಿದರೂ ಫೈಲು ಅಕ್ಷರಶಃ ಒಂದೇ ಬರಬೇಕು, ಬಂದರೆ ಮಾತ್ರ ಸಹಿ. ನನ್ನದು ಸಹಿ ಹಾಕುವ ಉಳಿದವರ ಫೈಲಿಗೆ ಹೊಂದಿತು, ನಿಮ್ಮದು ಹೊಂದಲಿಲ್ಲ. ನಿಮ್ಮದನ್ನು ಬಿಚ್ಚಿ ನೋಡಿದರೆ, ಜನ ಹಣ ಕಳಿಸಿದಾಗಲೆಲ್ಲ ಒಂದು ಚೂರು ನಿಮ್ಮ ಖಾತೆಗೆ ಜಾರುವಂತೆ ಯಾರಿಗೂ ಕಾಣದ ನಾಲ್ಕು ಸಾಲು ಒಳಗೆ ಕೂತಿವೆ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯಲಿ ಭಾವ, ಹಾಲಿನವನೂ ಕಣ್ಣು ಮುಚ್ಚಬೇಕೆಂದರೆ ಹೇಗೆ?

ನಾನು ಎಲ್ಲೂ ದೂರು ಕೊಟ್ಟಿಲ್ಲ. ನನ್ನ ಫೈಲಿಗೆ ಸಹಿ ಹಾಕಿ, ನಿಯಮದಂತೆ ನಿಮ್ಮದರ ಪಕ್ಕದಲ್ಲೇ ಎಲ್ಲರಿಗೂ ಕಾಣುವಂತೆ ಇಟ್ಟಿದ್ದೇನೆ. ದಯವಿಟ್ಟು ಅಳಿಸುವ ಶ್ರಮ ತೆಗೆದುಕೊಳ್ಳಬೇಡಿ, ಪ್ರತಿಗಳು ಆಗಲೇ ಊರೂರು ತಲುಪಿವೆ.

ಅಂದಹಾಗೆ, ಅಕ್ಕ ಫೋನ್ ಮಾಡಿದ್ದಳು. "ನನ್ನ ಉಳಿತಾಯವೆಲ್ಲ ಅದರಲ್ಲೇ ಇದೆ ಕಣೋ, ನಿಮ್ಮ ಭಾವ ಹೊಸದು ಹಾಕ್ಕೋ ಅಂತಿದಾರೆ, ಹಾಕ್ಕೊಳ್ಳಲಾ?" ಎಂದಳು. ಒಡಹುಟ್ಟಿದವಳಿಗೆ ಸುಳ್ಳು ಹೇಳಲಾದೀತೇ? ನಾಲ್ಕು ಸಾಲಿನ ವಿಷಯ ತಿಳಿಸಿದೆ. ಪೂರ್ತಿ ಕೇಳಿಸಿಕೊಂಡಳು. ಆಮೇಲೆ, "ಅವರು ಆಫೀಸಲ್ಲೇ ಇದಾರಾ?" ಎಂದಳು.

ಇದ್ದಾರೆ ಅಂದಿದ್ದೇನೆ. ಅವಳು ಬಂದು ಸೇರುವವರೆಗೆ ದಯವಿಟ್ಟು ಎಲ್ಲಿಗೂ ಹೋಗಬೇಡಿ.

ಇಂತಿ,
ನಿಮ್ಮ ಭಾವಮೈದುನ