ಲೋಟದಂಚಿನ ಬೆರಳು

ಸಫಿ, ಕುಂಬಾರರ ಗುಡ್ಡದ ಕೆಳಗಿನ ಓಣಿ
ನವೆಂಬರ್ 9, ಗುರುವಾರ

ಪ್ರೀತಿಯ ಬೂಶಾಯಿಬ್,

ಸಲಾಂ. ಹೇಗಿದ್ದೀರಿ? ಹಗ್ಗ ಎಳೆದೆಳೆದು ಬಿರುಕು ಬಿಟ್ಟಿದ್ದ ಅಂಗೈ ವಾಸಿಯಾಯಿತೇ? ಅರ್ಗಾನ್ ಬೀಜದ ಎಣ್ಣೆಯ ಶೀಶೆ ನಿಮ್ಮ ಚೀಲದ ತಳದಲ್ಲಿ, ಉಣ್ಣೆಯ ಕಾಲುಚೀಲದೊಳಗಿದೆ. ಹಚ್ಚಿಕೊಳ್ಳಿ, ದೋಣಿಯವರಿಗೆಲ್ಲ ಹಂಚುತ್ತ ಕೂರಬೇಡಿ. ನಾನೂ ಮಗಳೂ ಚೆನ್ನಾಗಿದ್ದೇವೆ. ಫೋನಿನಲ್ಲಿ ಹೇಳುವುದನ್ನು ಕಾಗದದಲ್ಲೇಕೆ ಬರೆಯುತ್ತಿದ್ದಾಳೆ ಎಂದುಕೊಳ್ಳಬಹುದು. ನೀವು ದಡಕ್ಕೆ ಬಂದು ಫೋನ್ ಮಾಡಿದಾಗಲೆಲ್ಲ ಅದು ಅತ್ತೆಯ ಮಡಿಲಲ್ಲೇ ಇರುತ್ತದೆ. ಇದನ್ನು ದಾಖ್ಲಾಕ್ಕೆ ಬರುವ ಬಸ್ಸಿನ ಡ್ರೈವರ್ ಕೈಯಲ್ಲಿ ಕಳಿಸುತ್ತೇನೆ, ಅಲ್ಲಿ ನಿಮ್ಮ ಬಂದರಿನ ಕಚೇರಿಯಲ್ಲಿ ಕೊಡುತ್ತಾನೆ.

ಮಧ್ಯಾಹ್ನದ ಹೆಂಗಸರ ತರಗತಿಗೆ ನಾನು ತಪ್ಪದೆ ಹೋಗುತ್ತಿದ್ದೇನೆ. ಹೋದ ತಿಂಗಳ ಕೊನೆಯಲ್ಲಿ ಬತೂಲ್ ಟೀಚರ್ ಒಂದು ಕೆಲಸ ಕೊಟ್ಟರು. "ಒಬ್ಬ ಹೆಂಗಸಿನ ಬಗ್ಗೆ ಕಥೆ ಬರೀರಿ. ಅವಳು ನೀವೇ ಹುಟ್ಟಿಸಿದವಳಾಗಿರಬೇಕು. ಅವಳಿಗೆ ಒಳಗೊಳಗೇ ಆತಂಕ. ಆದ್ರೆ ಆತಂಕ ಅನ್ನೋ ಮಾತು ಮಾತ್ರ ಬರಕೂಡದು" ಎಂದರು. ನಾನು ಕಲ್ಸೂಮ್ ಎಂಬ ಹೆಂಗಸನ್ನು ಹುಟ್ಟಿಸಿದೆ. ಅವಳ ಎದೆ ಡವಡವ ಎನ್ನುತ್ತಿತ್ತು, ಊಟ ಸೇರುತ್ತಿರಲಿಲ್ಲ, ತುಂಬಾ ಹೆದರಿದ್ದಳು ಎಂದು ಬರೆದೆ. ಟೀಚರ್ ಮೂರಕ್ಕೂ ಕೆಂಪು ಗೆರೆ ಎಳೆದರು. "ಎದೆ ಮೆಟ್ಟಿಲು ಹತ್ತಿದ್ರೂ ಡವಡವ ಅನ್ನುತ್ತೆ ಯಾಮ್ನಾ. ಅವಳ ಕೈ ಏನ್ ಮಾಡ್ತಿದೆ, ಅದನ್ನ ತೋರಿಸು." ಎದುರು ಮನೆಯ ತಾಮು ಬಿಟ್ಟಾಳೆಯೇ? "ಕೈ ಇನ್ನೇನ್ ಮಾಡುತ್ತೆ ಟೀಚರ್, ನಮ್ಮ ಓಣೀಲಿ ಪಾತ್ರೆ ತಿಕ್ಕುತ್ತೆ!" ಅವಳ ನಗು ನಿಮಗೆ ಗೊತ್ತಲ್ಲ, ಕುಂಬಾರರ ಭಟ್ಟಿಯವರೆಗೂ ಕೇಳಿಸಿರಬೇಕು.

ಮನೆಗೆ ಬಂದು ಕೈಗಳನ್ನು ಹುಡುಕಿದೆ. ಇದ್ದದ್ದು ಅತ್ತೆಯ ಕೈ. ನಾಲ್ಕು ದಿನ ನೋಡಿದೆ. ಚಾ ಬಗ್ಗಿಸುವುದರಲ್ಲಿ ನಿಮ್ಮ ಅಮ್ಮನ ಹೆಸರು ಓಣಿಗೇ ಗೊತ್ತು, ಮೊಳದೆತ್ತರದಿಂದ ಬಿದ್ದರೂ ಒಂದು ಹನಿ ಆಚೆ ಹೋಗುತ್ತಿರಲಿಲ್ಲ. ಈಗ ಕೆಟಲಿನ ಮೂತಿಯನ್ನು ಲೋಟಕ್ಕೆ ತಾಗಿಸಿ ಬಗ್ಗಿಸುತ್ತಾರೆ. ತೋರುಬೆರಳನ್ನು ಲೋಟದ ಅಂಚಿನೊಳಗೆ ಇಟ್ಟುಕೊಂಡಿರುತ್ತಾರೆ, ಬಿಸಿ ತಾಗಿದಾಗ ನಿಲ್ಲಿಸುತ್ತಾರೆ. ಬೆರಳ ತುದಿ ಕೆಂಪಾಗಿದೆ. ಮಹಡಿಯಲ್ಲಿ ಒಣಗಿದ ಬಟ್ಟೆ ತರಲು ಹೋದವರು ಕೊನೆಯ ಮೆಟ್ಟಿಲಲ್ಲಿ ನಿಂತು ಗೋಡೆಯನ್ನು ಸವರುತ್ತಾರೆ. ಸೂಜಿಗೆ ದಾರ ಪೋಣಿಸಿ ಎಂದರೆ, ಆಗಲ್ಲ ಅನ್ನುವುದಿಲ್ಲ, "ಅಸರ್ ನಮಾಜ್ ಆಗ್ಲಿ" ಎನ್ನುತ್ತಾರೆ. ನಮಾಜ್ ಆದ ಮೇಲೆ ಆ ಅಂಗಿ ಎಲ್ಲೋ ಮಾಯವಾಗಿರುತ್ತದೆ. ಫೋನ್ ಬಡಿದುಕೊಂಡರೆ ಒದ್ದೆಯಿಲ್ಲದ ಕೈಯನ್ನು ಮೇಲಂಗಿಗೆ ಮೂರು ಸಲ ಒರೆಸಿ, ಗಂಟಲು ಸರಿಮಾಡಿಕೊಂಡು, ಆಮೇಲೆ ದೊಡ್ಡ ದನಿಯಲ್ಲಿ ನಿಮ್ಮೊಂದಿಗೆ ನಗುತ್ತಾರೆ.

ಇಷ್ಟನ್ನೂ ಕಲ್ಸೂಮಳಿಗೆ ಕೊಟ್ಟೆ. ಒಳ್ಳೆಯ ವಾಕ್ಯಗಳು ಸಿಕ್ಕವೆಂದು ಖುಷಿಯಾಗಿತ್ತು. ನಾಲ್ಕು ದಿನದಲ್ಲಿ ಒಂದು ಸಲವೂ ನಿಮ್ಮ ಅಮ್ಮನನ್ನು ಏನಾಗಿದೆ ಎಂದು ಕೇಳಲಿಲ್ಲ. ಇದ್ದದ್ದನ್ನು ಇದ್ದಂತೆ ಬರೆಯುತ್ತಿದ್ದೇನೆ.

ಹೋದ ಗುರುವಾರ ತರಗತಿಯಲ್ಲಿ ಓದಿದೆ. ಫೋನಿನ ಭಾಗಕ್ಕೆ ಎಲ್ಲರೂ ನಕ್ಕರು, ಲೋಟದ ಭಾಗಕ್ಕೆ ಯಾರೂ ನಗಲಿಲ್ಲ. ಟೀಚರ್ ಅದನ್ನು ಗೋಡೆಗೆ ಅಂಟಿಸೋಣ ಎಂದರು. ಆಮೇಲೆ, "ಅವಳಿಗೆ ಏನಾಗಿದೆ ಯಾಮ್ನಾ? ಅದು ಕಥೇಲಿ ಇಲ್ವಲ್ಲ" ಎಂದು ಕೇಳಿದರು. ಸುಮ್ಮನೆ ಹುಟ್ಟಿಸಿದ್ದು, ಕಾರಣವಿಲ್ಲ ಎಂದೆ. ತಾಮು ನನ್ನ ಕಿವಿಯ ಹತ್ತಿರ ಬಂದು, "ಕಾರಣ ಇಲ್ದೆ ಯಾರೇ ಬೆರಳು ಸುಟ್ಕೊಳ್ತಾರೆ?" ಎಂದಳು. ಈ ಸಲ ನಗಲಿಲ್ಲ. ಕಾಗದವನ್ನು ಟೀಚರಿಗೆ ಕೊಡದೆ ಮಡಚಿಕೊಂಡು ಬಂದೆ.

ಅತ್ತೆ ಶುಕ್ರವಾರದ ಕುಸ್ಕುಸ್‌ಗೆ ರವೆ ಉಜ್ಜುತ್ತ ಕೂತಿದ್ದರು. ಎಂದಿನಂತೆ, "ಏನ್ ಕಲಿಸಿದ್ಲು ನಿಮ್ ಟೀಚರಮ್ಮ ಇವತ್ತು?" ಎಂದರು. ಎದುರಿಗೆ ಕೂತು ಕಥೆಯನ್ನು ಓದಿ ಹೇಳಿದೆ. ಲೋಟದ ಭಾಗ ಬಂದಾಗ ಮರದ ಬೋಗುಣಿಯಲ್ಲಿ ಅವರ ಕೈ ನಿಂತಿತು. ಮತ್ತೆ ಉಜ್ಜತೊಡಗಿದರು.

"ಚೆನ್ನಾಗಿದೆ. ಆದ್ರೆ ನಿನ್ನ ಕಲ್ಸೂಮ್ ಲೋಟಕ್ಕೆ ಬೆರಳು ಯಾಕಿಟ್ಲು ಅಂತ ಬರೀಲಿಲ್ಲ ನೀನು."

"ಯಾಕಿಟ್ಳು ಅತ್ತೆ?"

"ಚಾ ಎಲ್ಲೀತನಕ ಬಂತು ಅಂತ ಅವಳಿಗೆ ಕಾಣಲ್ಲ. ಎಡಗಣ್ಣು ರಂಜಾನ್ ಮುಗಿಯೋಷ್ಟರಲ್ಲೇ ಹೋಯ್ತು. ಬಲಗಣ್ಣಲ್ಲಿ ಕೊಳವೆಯೊಳಗಿಂದ ನೋಡ್ದಂಗೆ, ಇಷ್ಟೇ ಇಷ್ಟು."

"ಯಾರಿಗೂ ಯಾಕೆ ಹೇಳಲಿಲ್ಲ ಅವಳು?"

"ಹೇಳಿದ್ರೆ ಸೊಸೆ ಮಗನಿಗೆ ಹೇಳ್ತಾಳೆ. ಮಗ ಮೀನಿನ ಕಾಲದಲ್ಲಿ ದೋಣಿ ಬಿಟ್ಟು ಓಡಿ ಬರ್ತಾನೆ. ಹಂಗೆ ಬಿಟ್ಟು ಬಂದವನನ್ನ ಇನ್ಯಾವ ದೋಣಿಯವ್ನು ಹತ್ತಿಸ್ಕೊಳ್ತಾನೆ? ಅವಳ ಗಂಡನಿಗೆ ಹಿಂದೆ ಹಂಗೇ ಆಗಿತ್ತು." ಇನ್ನೊಂದು ಹಿಡಿ ರವೆ ಹಾಕಿಕೊಂಡು, "ಮೊಮ್ಮಗಳು ಚಿತ್ರ ಬರೆದು ತಂದು ತೋರಿಸ್ತಾಳೆ. ಕಲ್ಸೂಮ್ ಚೆನ್ನಾಗಿದೆ ಚೆನ್ನಾಗಿದೆ ಅಂತಾಳೆ" ಎಂದರು. ಅಷ್ಟೂ ಹೊತ್ತು ಕಲ್ಸೂಮ್ ಎಂದೇ ಮಾತಾಡಿದರು, ಒಂದು ಸಲವೂ ನಾನು ಎನ್ನಲಿಲ್ಲ. ನಾನೂ ತಿದ್ದಲಿಲ್ಲ. "ಹಾಗಾದ್ರೆ ಸೋಮವಾರ ಕಲ್ಸೂಮಳನ್ನ ಕಣ್ಣಿನ ಡಾಕ್ಟರ ಹತ್ರ ಕರ್ಕೊಂಡು ಹೋಗ್ತೀನಿ" ಎಂದೆ. "ಅವಳು ಬರಲ್ಲ" ಎಂದರು. ಸೋಮವಾರ ಬೆಳಿಗ್ಗೆ ನೋಡಿದರೆ ಹೊಸ ಜಲ್ಲಾಬಾ ತೊಟ್ಟು, ಬಾಗಿಲ ಪಕ್ಕದಲ್ಲಿ ಸ್ಟೂಲಿನ ಮೇಲೆ ಕೂತಿದ್ದರು.

ಡಾಕ್ಟರ್ ಹೆಣ್ಣುಮಗಳು, ಚಿಕ್ಕ ವಯಸ್ಸಿನವಳು. ಅಕ್ಷರದ ಹಲಗೆ ತೋರಿಸಿದಾಗ ನಿಮ್ಮ ಅಮ್ಮ, "ನಾನು ಮದರಸದ ಮೆಟ್ಟಿಲು ಹತ್ತಿದವಳಲ್ಲ ಮಗಳೇ, ಇದಕ್ಕೂ ಕಣ್ಣಿಗೂ ಏನ್ ಸಂಬಂಧ?" ಎಂದರು. ಕೈಬೆರಳು ಬರೆದ ಇನ್ನೊಂದು ಹಲಗೆ ತಂದರು. ಬೆರಳು ಯಾವ ಕಡೆ ತೋರಿಸುತ್ತಿದೆ ಎಂದರೆ, ಬಲಕ್ಕೆ, ಎಡಕ್ಕೆ ಎಂದು ಒಂದಿಷ್ಟೂ ತಡವರಿಸದೆ ಎಲ್ಲವನ್ನೂ ತಪ್ಪು ಹೇಳಿದರು. ಕಣ್ಣಿನೊಳಗಿನ ಒತ್ತಡ ಏರಿದೆಯಂತೆ. ಎಡಗಣ್ಣು ಮರಳಿ ಬರುವುದಿಲ್ಲ. ಬಲಗಣ್ಣಿಗೆ ಬೇಗ ಶಸ್ತ್ರಚಿಕಿತ್ಸೆ ಮಾಡಿದರೆ ಈಗ ಕಾಣುವಷ್ಟಾದರೂ ಉಳಿಯಬಹುದು, ಖಾತರಿ ಕೊಡಲಾರೆ ಎಂದರು ಡಾಕ್ಟರ್. ದಾರಿಯುದ್ದಕ್ಕೂ ಅತ್ತೆ ನನ್ನ ಮೊಣಕೈ ಹಿಡಿದುಕೊಂಡಿದ್ದರು. ಓಣಿ ಬಂದ ತಕ್ಷಣ ಬಿಟ್ಟು ತಾವೇ ಮುಂದೆ ನಡೆದರು.

ಚಳಿಗೆ ಎದೆ ಮುಚ್ಚಿಕೊಂಡಿರಿ. ಮಗಳು ನಿಮ್ಮ ಕೆನ್ನೆಗೆ ಮುತ್ತು ಕಳಿಸಿದ್ದಾಳೆ. ತಾಮುವಿನ ಗಂಡ ಸಲಾಂ ಹೇಳಿದ್ದಾನೆ. ಅತ್ತೆ ಈಗ ಪಕ್ಕದಲ್ಲಿ ಬಂದು ಕೂತು ನಿಮ್ಮ ಹೆಸರು ಹಿಡಿದು ದುವಾ ಮಾಡುತ್ತಿದ್ದಾರೆ, ದೇವರು ಕೇಳಲಿ.

ನಿಮ್ಮ
ಯಾಮ್ನಾ

ಬಸ್ಸಿಗೆ ಹೊತ್ತಾಯಿತು, ಇದೊಂದು ಸೇರಿಸುತ್ತೇನೆ. ಶಸ್ತ್ರಚಿಕಿತ್ಸೆ ಇದೇ 21ರಂದು, ಮಂಗಳವಾರ ಬೆಳಿಗ್ಗೆ. "ಅವನು ಬರೋದು ಬೇಡ ಅಂತ ಬರಿ" ಎಂದರು ಅತ್ತೆ. ಬರೆದಾಯ್ತು ಎಂದೆ. ಓದಿ ಹೇಳು ಎಂದರು. "ಅಮ್ಮ ಚೆನ್ನಾಗಿದ್ದಾರೆ, ನೀವು ಬರೋದು ಬೇಡ" ಎಂದು ಓದಿ ಹೇಳಿದೆ. 19ರ ಭಾನುವಾರದ ಬಸ್ಸು ಹತ್ತಿ.